ಬ್ಯಾಡಗಿಯ ಕೆಂಪು, ಚಂದ್ರಕಾಳಿಯ ಕಪ್ಪು: ಲ್ಯಾಪ್‌ಟಾಪ್ ಮತ್ತು ಮಾನಿಟರ್ ಬಣ್ಣ ಹೊಂದಿಸುವ ಕ್ರಮ

ಬ್ಯಾಡಗಿ ಮೆಣಸಿನಕಾಯಿಯ ಒಂದು ಫೋಟೊವನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆಯಿರಿ. ಅದನ್ನೇ ಪಕ್ಕದ ಮಾನಿಟರ್‌ಗೆ ಎಳೆಯಿರಿ. ಒಂದರಲ್ಲಿ ಇಟ್ಟಿಗೆ ಬಣ್ಣ, ಇನ್ನೊಂದರಲ್ಲಿ ಕಣ್ಣಿಗೆ ಹೊಡೆಯುವ ಕೆಂಪು. ಫೈಲ್ ಮಾತ್ರ ಒಂದೇ. ಹುಬ್ಬಳ್ಳಿಯಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುವವರು, ಗದಗಿನಲ್ಲಿ ಪ್ರೆಸ್ಸಿಗೆ ಪುಟ ಸಿದ್ಧಮಾಡಿ ಕೊಡುವವರು, ಧಾರವಾಡದಲ್ಲಿ ಕಸೂತಿ ಸೀರೆಯ ಫೋಟೊ ಹಾಕಿ ಮಾರುವವರು, ಎಲ್ಲರೂ ದಿನಾ ಇದನ್ನು ನೋಡುತ್ತಾರೆ. ಯಾವ ಪರದೆ ಹೇಳಿದ್ದು ಖರೆ ಎಂದು ತಿಳಿಯದೆ ಅಂದಾಜಿನ ಮೇಲೆ ಬಣ್ಣ ತಿದ್ದುತ್ತಾರೆ. ಪ್ರಿಂಟ್ ಕೈಗೆ ಬಂದಾಗ ಬೇಜಾರಾಗುತ್ತದೆ.

ಎರಡು ಪರದೆಗಳು ತದ್ರೂಪು ಆಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಎರಡರ ಬಿಳುಪು ಒಂದಾದರೆ, ಬೆಳಕಿನ ಪ್ರಮಾಣ ಒಂದಾದರೆ, ಮುಕ್ಕಾಲು ಕೆಲಸ ಮುಗಿದಂತೆ. ಉಳಿದದ್ದು ಯಾವ ಪರದೆಗೆ ಯಾವ ಬಣ್ಣ ತೋರಿಸಲು ಬರುವುದಿಲ್ಲ ಎಂದು ಗೊತ್ತು ಮಾಡಿಕೊಳ್ಳುವುದು. ಅದಕ್ಕಾಗಿ ಬಿಳುಪು ಮೊದಲು, ಬಣ್ಣ ಆಮೇಲೆ. ಈ ಲೇಖನದ ಕ್ರಮವೂ ಅದೇ.

ಬಣ್ಣವನ್ನು ಅಳೆಯುವುದು ನಮ್ಮ ಕಡೆಗೆ ಹೊಸದೇನಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುತ್ತದೆ. ಅದಕ್ಕೆ ಐಎಸ್ 1 ಎಂಬ ಭಾರತೀಯ ಮಾನದಂಡ ಇದೆ. ಆ ಮಾನದಂಡ ಬರೀ ‘ಕೇಸರಿ’, ‘ಹಸಿರು’ ಎಂದು ಹೇಳಿ ಬಿಡುವುದಿಲ್ಲ. ಪ್ರತಿ ಬಣ್ಣಕ್ಕೂ ಅಂಕಿಗಳನ್ನು ಕೊಡುತ್ತದೆ, ಯಾವ ಬೆಳಕಿನಲ್ಲಿ ಅಳೆಯಬೇಕು ಎಂದೂ ಹೇಳುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನೂ ಆಸ್ಟಾ ಎಂಬ ಅಂಕಿಯಲ್ಲಿ ಅಳೆಯುತ್ತಾರೆ. ಪರದೆಗೂ ಇಂಥದ್ದೇ ಅಂಕಿಗಳಿವೆ. ಬಿಳುಪಿಗೆ ಡಿ65, ಅಂದರೆ ಹಗಲು ಬೆಳಕಿನಂಥ ಬಿಳುಪು, ಸುಮಾರು 6500 ಕೆಲ್ವಿನ್. ಕಪ್ಪು ಮತ್ತು ಬಿಳಿಯ ನಡುವಿನ ಛಾಯೆಗಳು ಎಷ್ಟು ತಿಳಿಯಾಗಿ ಕಾಣಬೇಕು ಎನ್ನುವುದಕ್ಕೆ ಗಾಮಾ 2.2. ಬಣ್ಣದ ವ್ಯಾಪ್ತಿಗೆ ಎಸ್‌ಆರ್‌ಜಿಬಿ. ಈ ಎಸ್‌ಆರ್‌ಜಿಬಿಯನ್ನು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಮುಂದಿಟ್ಟವು, 1999ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ವೆಬ್, ಫೋನ್, ಫೋಟೊ ಲ್ಯಾಬ್ ಎಲ್ಲದಕ್ಕೂ ಇವತ್ತಿಗೂ ಅದೇ ಆಧಾರ. ಬೇರೆ ಗುರಿ ಇಟ್ಟುಕೊಳ್ಳಲು ಬಲವಾದ ಕಾರಣ ಇಲ್ಲದಿದ್ದರೆ ಇದನ್ನೇ ಹಿಡಿಯಿರಿ.

ಮೊದಲು ಕೋಣೆ

ಪರದೆ ಮುಟ್ಟುವ ಮುಂಚೆ ಕೋಣೆಯ ಬೆಳಕು ನೋಡಿ. ಬೆಳಿಗ್ಗೆ ಕಿಟಕಿಯಿಂದ ಬಿಸಿಲು, ಸಂಜೆ ಹಳದಿ ಬಲ್ಬು, ಮಳೆಗಾಲದ ಧಾರವಾಡದಲ್ಲಿ ಹಗಲಲ್ಲೇ ಕತ್ತಲೆ. ಈ ಮೂರರಲ್ಲಿ ಒಂದೇ ಪರದೆ ಮೂರು ಥರ ಕಾಣುತ್ತದೆ. ಪರದೆ ಬದಲಾಗಿರುವುದಿಲ್ಲ, ನಮ್ಮ ಕಣ್ಣು ಸುತ್ತಲಿನ ಬೆಳಕಿಗೆ ಒಗ್ಗಿಕೊಂಡಿರುತ್ತದೆ.

ಆದ್ದರಿಂದ ಬೆಳಕು ಸ್ಥಿರವಾಗಿರಲಿ. ಕಿಟಕಿಗೆ ದಪ್ಪ ಬಟ್ಟೆಯ ಪರದೆ ಹಾಕಿ. ಕಿಟಕಿ ನಿಮ್ಮ ಎದುರಿಗೂ ಬೇಡ, ಬೆನ್ನಿಗೂ ಬೇಡ, ಪಕ್ಕಕ್ಕೆ ಇರಲಿ. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ, ಅಂದರೆ ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎನ್ನುವ ಅಂಕಿ ಇರುತ್ತದೆ, 90ರ ಮೇಲಿದ್ದರೆ ಒಳ್ಳೆಯದು. ಗೋಡೆಗೆ ಗಾಢ ಹಸಿರು ಅಥವಾ ಗುಲಾಬಿ ಬಳಿದಿದ್ದರೆ ಆ ಬಣ್ಣ ಪರದೆಯ ಮೇಲೂ ಬೀಳುತ್ತದೆ, ನಿಮ್ಮ ಕಣ್ಣಿಗೂ ಬೀಳುತ್ತದೆ. ಮಾನಿಟರ್ ಹಿಂದಿನ ಗೋಡೆಯಾದರೂ ಬಿಳಿ ಅಥವಾ ಬೂದು ಇದ್ದರೆ ಬಹಳ ವಾಸಿ. ಕಂಪ್ಯೂಟರ್‌ನ ವಾಲ್‌ಪೇಪರ್ ಕೂಡ ಸಾದಾ ಬೂದು ಮಾಡಿ. ಸಣ್ಣ ಮಾತು ಅನ್ನಿಸಬಹುದು, ಆದರೆ ನೀಲಿ ಸಮುದ್ರದ ಚಿತ್ರದ ಪಕ್ಕದಲ್ಲಿ ಯಾರ ಮುಖದ ಬಣ್ಣವೂ ಸರಿಯಾಗಿ ಕಾಣುವುದಿಲ್ಲ.

ನಮ್ಮ ಊರುಗಳ ಧೂಳು ಗೊತ್ತೇ ಇದೆ. ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಎರಡೂ ಪರದೆ ಒರೆಸಿ. ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇ ಬೇಡ. ಆಮೇಲೆ ಎರಡನ್ನೂ ಆನ್ ಮಾಡಿ ಅರ್ಧ ಗಂಟೆ ಬಿಡಿ. ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ದೀಪ, ಬಿಸಿಯಾಗಿ ನಿಲ್ಲುವ ತನಕ ಅದರ ಬೆಳಕು ಸ್ವಲ್ಪ ಬದಲಾಗುತ್ತಲೇ ಇರುತ್ತದೆ.

ತಾನಾಗಿ ಬಣ್ಣ ಬದಲಿಸುವ ಎಲ್ಲವನ್ನೂ ನಿಲ್ಲಿಸಿ

ಇದು ಬೇಸರದ ಹೆಜ್ಜೆ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ವಿಂಡೋಸ್‌ನಲ್ಲಿ ನೈಟ್ ಲೈಟ್ ಆಫ್ ಮಾಡಿ. ಎಚ್‌ಡಿಆರ್ ಆಫ್ ಮಾಡಿ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಬ್ರೈಟ್‌ನೆಸ್ ಭಾಗದಲ್ಲಿ, ಪರದೆಯಲ್ಲಿ ಏನಿದೆ ಎಂದು ನೋಡಿ ಬೆಳಕು ಬದಲಿಸುವ ಆಯ್ಕೆ ಇದ್ದರೆ ಅದನ್ನೂ ತೆಗೆಯಿರಿ. ಸುತ್ತಲಿನ ಬೆಳಕಿಗೆ ತಕ್ಕಂತೆ ಬದಲಾಗುವ ಸೆನ್ಸರ್ ಇದ್ದರೆ ಅದೂ ಬಂದ್. ಮ್ಯಾಕ್‌ನಲ್ಲಿ ಟ್ರೂ ಟೋನ್ ಮತ್ತು ನೈಟ್ ಶಿಫ್ಟ್ ಆಫ್.

ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಚ್ಚಿಯೇ ಇರಲಿ. ಇಂಟೆಲ್, ಎಎಂಡಿ ಎರಡರ ಗ್ರಾಫಿಕ್ಸ್‌ನಲ್ಲೂ ಬ್ಯಾಟರಿ ಉಳಿಸುವ ಒಂದು ವ್ಯವಸ್ಥೆ ಇದೆ. ಕರೆಂಟು ಹೋದ ತಕ್ಷಣ ಅದು ಬ್ಯಾಕ್‌ಲೈಟ್ ಇಳಿಸಿ, ಚಿತ್ರದ ಕಾಂಟ್ರಾಸ್ಟನ್ನು ತಾನೇ ತಿದ್ದುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ. ಎಎಂಡಿಯಲ್ಲಿ ಇದಕ್ಕೆ ವ್ಯಾರಿ-ಬ್ರೈಟ್ ಎಂದು ಹೆಸರು, ಇಂಟೆಲ್‌ನಲ್ಲಿ ಡಿಸ್‌ಪ್ಲೇ ಪವರ್ ಸೇವಿಂಗ್. ಎರಡನ್ನೂ ಗ್ರಾಫಿಕ್ಸ್ ಸಾಫ್ಟ್‌ವೇರ್‌ನ ಪವರ್ ಅಥವಾ ಡಿಸ್‌ಪ್ಲೇ ಭಾಗದಲ್ಲಿ ಹುಡುಕಿ ಆಫ್ ಮಾಡಿ.

ಮಾನಿಟರ್‌ನ ಸ್ವಂತ ಮೆನುವಿನಲ್ಲಿ ಡೈನಮಿಕ್ ಕಾಂಟ್ರಾಸ್ಟ್, ಇಕೋ, ಸಿನೆಮಾ, ಗೇಮ್, ವಿವಿಡ್ ಯಾವುದೂ ಬೇಡ. ಎಸ್‌ಆರ್‌ಜಿಬಿ ಮೋಡ್ ಇದ್ದು, ಅದರಲ್ಲಿ ಬ್ರೈಟ್‌ನೆಸ್ ಬದಲಿಸಲು ಬಂದರೆ ಅದನ್ನು ಆರಿಸಿ. ಕೆಲವು ಮಾನಿಟರ್‌ಗಳು ಆ ಮೋಡ್‌ನಲ್ಲಿ ಬ್ರೈಟ್‌ನೆಸ್‌ಗೆ ಬೀಗ ಹಾಕುತ್ತವೆ. ಆಗ ಯೂಸರ್ ಅಥವಾ ಕಸ್ಟಮ್ ಮೋಡ್‌ಗೆ ಹೋಗಿ. ಅಲ್ಲಿ ಕೆಂಪು, ಹಸಿರು, ನೀಲಿ ಬೇರೆಬೇರೆ ಸಿಗುತ್ತವೆ.

ಕೇಬಲ್‌ನಲ್ಲಿ ಕಳೆದುಹೋಗುವ ಕಪ್ಪು

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ‘ಮಾನಿಟರ್‌ನಲ್ಲಿ ಎಲ್ಲ ಮಂಕು’ ಅಥವಾ ‘ಕಪ್ಪು ಎಲ್ಲ ಮುದ್ದೆ’ ಎನ್ನುವ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಕಂಪ್ಯೂಟರ್ ಕಪ್ಪಿನಿಂದ ಬಿಳಿಯವರೆಗೆ 0ಯಿಂದ 255ರ ವರೆಗೆ ಲೆಕ್ಕ ಹಿಡಿಯುತ್ತದೆ. ಟಿವಿ ಲೋಕದ ಲೆಕ್ಕ 16ರಿಂದ 235. ಎಚ್‌ಡಿಎಂಐ ಕೇಬಲ್ ಹಾಕಿದಾಗ ಲ್ಯಾಪ್‌ಟಾಪ್ ಎದುರಿಗಿರುವುದು ಟಿವಿ ಎಂದುಕೊಂಡು ಎರಡನೆಯ ಲೆಕ್ಕದಲ್ಲಿ ಕಳಿಸುವುದುಂಟು. ಮಾನಿಟರ್ ಅದನ್ನು ಮೊದಲನೆಯ ಲೆಕ್ಕದಲ್ಲಿ ಓದಿದರೆ ಕಪ್ಪು ಬೂದಾಗುತ್ತದೆ, ಬಿಳಿ ಮಾಸುತ್ತದೆ. ಉಲ್ಟಾ ಆದರೆ ಕಡುಗಪ್ಪಿನ ಹತ್ತಿರದ ವಿವರಗಳೆಲ್ಲ ಒಂದೇ ಕಪ್ಪಿನಲ್ಲಿ ಮುಳುಗುತ್ತವೆ.

ಎನ್ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ರೆಸಲ್ಯೂಷನ್ ಬದಲಿಸುವ ಪುಟದ ಕೆಳಗೆ ಔಟ್‌ಪುಟ್ ಡೈನಮಿಕ್ ರೇಂಜ್ ಇದೆ. ಅದು ‘ಫುಲ್’ ಇರಲಿ. ಎಎಂಡಿಯಲ್ಲಿ ಪಿಕ್ಸೆಲ್ ಫಾರ್ಮ್ಯಾಟ್, ಇಂಟೆಲ್‌ನಲ್ಲಿ ಕ್ವಾಂಟೈಸೇಷನ್ ರೇಂಜ್. ಅಲ್ಲೂ ಫುಲ್. ಮಾನಿಟರ್ ಮೆನುವಿನಲ್ಲಿ ಆರ್‌ಜಿಬಿ ರೇಂಜ್ ಅಥವಾ ಬ್ಲ್ಯಾಕ್ ಲೆವೆಲ್ ಇದ್ದರೆ ಅದೂ ಇದಕ್ಕೆ ಹೊಂದಬೇಕು. ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಬಳಸಿ, ಈ ತಕರಾರು ಅಲ್ಲಿ ಕಡಿಮೆ. ವಿಜಿಎ ಕೇಬಲ್‌ನಲ್ಲಿ ಬಣ್ಣದ ಕೆಲಸ ಮಾಡುತ್ತಿದ್ದರೆ ಇವತ್ತೇ ಬಿಟ್ಟುಬಿಡಿ.

ಸರಿಯಾಯಿತೋ ಇಲ್ಲವೋ ನೋಡಲು ಚಂದ್ರಕಾಳಿ ಸೀರೆಯ ಒಂದು ಫೋಟೊ ಸಾಕು. ಕಪ್ಪು ಸೀರೆ, ಅದರ ಮೇಲೆ ಕಸೂತಿಯ ಗೋಪುರ, ತೇರು, ಆನೆ. ಬಿಳಿ ದಾರ ಯಾವ ಪರದೆಯಲ್ಲಾದರೂ ಕಾಣುತ್ತದೆ. ನೀವು ನೋಡಬೇಕಾದದ್ದು ಕಡುನೀಲಿ ಮತ್ತು ಮೆರೂನ್ ದಾರದ ಎಳೆಗಳು, ಸೀರೆಯ ಮಡಿಕೆಯೊಳಗಿನ ನೆರಳು. ಅವು ಕಾಣಬೇಕು, ಆದರೆ ಸೀರೆ ಬೂದು ಆಗಿರಬಾರದು.

ಬೆಳಕಿನ ಪ್ರಮಾಣ

ಹೊಸ ಮಾನಿಟರ್‌ಗಳು ಅಂಗಡಿಯಲ್ಲಿ ಥಳಥಳಿಸಲೆಂದು ಬಹಳ ಜಾಸ್ತಿ ಬೆಳಕಿನಲ್ಲಿ ಬರುತ್ತವೆ. ಎಡಿಟಿಂಗ್‌ಗೆ ಬೇಕಾದದ್ದು ಚದರ ಮೀಟರ್‌ಗೆ 80ರಿಂದ 120 ಕ್ಯಾಂಡೆಲಾ. ಪ್ರಿಂಟ್ ಕಪ್ಪಾಗಿ ಬರುತ್ತದೆ ಎನ್ನುವವರ ಪರದೆ ಸಾಮಾನ್ಯವಾಗಿ ಇದರ ಎರಡು ಪಟ್ಟು ಬೆಳಗುತ್ತಿರುತ್ತದೆ. ಅಷ್ಟು ಬೆಳಕಿನಲ್ಲಿ ಫೋಟೊ ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ ಯಾರೂ ಅದನ್ನು ತಪ್ಪೆಂದು ಗುರುತಿಸುವುದಿಲ್ಲ. ಕಾಗದಕ್ಕೆ ಸ್ವಂತ ಬೆಳಕಿಲ್ಲ ಅಲ್ವಾ?

ಉಪಕರಣ ಇಲ್ಲದಿದ್ದರೆ ಹೀಗೆ ಮಾಡಿ. ಪರದೆಯ ತುಂಬ ಬಿಳಿ ಬಣ್ಣ ತೆರೆಯಿರಿ. ಪಕ್ಕದಲ್ಲಿ ಕೋಣೆಯ ಬೆಳಕು ಬೀಳುವಂತೆ ಒಂದು ಬಿಳಿ ಹಾಳೆ ಹಿಡಿಯಿರಿ. ಪರದೆ ಆ ಹಾಳೆಯಷ್ಟೇ ಬೆಳ್ಳಗೆ ಕಾಣುವ ತನಕ ಬ್ರೈಟ್‌ನೆಸ್ ಇಳಿಸಿ. ಕಾಂಟ್ರಾಸ್ಟ್ ಮುಟ್ಟಬೇಡಿ, ಅದು ಫ್ಯಾಕ್ಟರಿಯಲ್ಲಿ ಇದ್ದಷ್ಟೇ ಇರಲಿ.

ಎರಡು ಪರದೆಗಳನ್ನು ಸರಿಗಟ್ಟಲು ಸ್ಟುಡಿಯೋದವರ ಹತ್ತಿರ ಒಳ್ಳೆಯ ಸಾಧನ ಇದ್ದೇ ಇದೆ, ಕ್ಯಾಮೆರಾ. ಮ್ಯಾನ್ಯುವಲ್ ಮೋಡ್‌ಗೆ ಹಾಕಿ. ಐಎಸ್‌ಒ, ಅಪರ್ಚರ್ ಬದಲಿಸಬೇಡಿ. ಶಟರ್ 1/30 ಅಥವಾ ಇನ್ನೂ ನಿಧಾನ ಇರಲಿ, ಯಾಕೆಂದರೆ ಕೆಲವು ಬ್ಯಾಕ್‌ಲೈಟ್‌ಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುತ್ತವೆ. ಲ್ಯಾಪ್‌ಟಾಪ್‌ನ ಬಿಳಿ ಪರದೆಯ ನಡುಭಾಗ ಫ್ರೇಮ್ ತುಂಬುವಂತೆ ಇಟ್ಟು ಮೀಟರ್ ಎಲ್ಲಿ ನಿಂತಿದೆ ನೋಡಿ. ಈಗ ಮಾನಿಟರ್‌ನತ್ತ ತಿರುಗಿಸಿ, ಮೀಟರ್ ಅಲ್ಲಿಗೇ ಬರುವ ತನಕ ಮಾನಿಟರ್‌ನ ಬ್ರೈಟ್‌ನೆಸ್ ಇಳಿಸಿ. ಕಣ್ಣಿಗಿಂತ ಇದು ಎಷ್ಟೋ ನಿಖರ.

ಬಿಳುಪು

ಎರಡರಲ್ಲೂ ಖಾಲಿ ಬಿಳಿ ಪುಟ ತೆರೆದು ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಒಂದು ನೀಲಿಗೆ ವಾಲಿರುತ್ತದೆ, ಇನ್ನೊಂದು ಹಳದಿಗೆ. ಸ್ವಲ್ಪ ಹೊತ್ತು ನೋಡುತ್ತ ಕೂತರೆ ಕಣ್ಣು ಎರಡನ್ನೂ ಒಪ್ಪಿಕೊಂಡುಬಿಡುತ್ತದೆ. ಅದಕ್ಕೇ ಆಗಾಗ ಬೇರೆ ಕಡೆ ನೋಡಿ, ಮತ್ತೆ ತಿರುಗಿ ನೋಡಿ. ಮೊದಲು ಅನ್ನಿಸಿದ್ದೇ ಸರಿ.

ಯಾವುದನ್ನು ಯಾವುದಕ್ಕೆ ಹೊಂದಿಸಬೇಕು? ಲ್ಯಾಪ್‌ಟಾಪ್‌ಗೆ ಬ್ರೈಟ್‌ನೆಸ್ ಬಿಟ್ಟರೆ ಬೇರೆ ಗುಂಡಿ ಇಲ್ಲ. ಮಾನಿಟರ್‌ಗೆ ಮೂರು ಬಣ್ಣದ ಹಿಡಿತವೂ ಇದೆ. ನನ್ನ ಅಭಿಪ್ರಾಯ ಸ್ಪಷ್ಟ: ಮಾನಿಟರ್ ಒಳ್ಳೆಯದಿದ್ದರೆ ಅದೇ ಯಜಮಾನ. ಅದನ್ನು 6500 ಕೆಲ್ವಿನ್‌ಗೆ ಇಟ್ಟು, ಲ್ಯಾಪ್‌ಟಾಪನ್ನು ಸಾಫ್ಟ್‌ವೇರ್‌ನಿಂದ ಅದರ ಹತ್ತಿರ ತನ್ನಿ. ಫೋಟೊ ಮಾನಿಟರ್‌ನಲ್ಲಿ ಇರಲಿ, ಟೂಲ್‌ಗಳು, ಫೋಲ್ಡರ್‌ಗಳು ಲ್ಯಾಪ್‌ಟಾಪ್‌ನಲ್ಲಿ ಇರಲಿ. ಅಗ್ಗದ ಲ್ಯಾಪ್‌ಟಾಪ್‌ಗೆ ಹೊಂದಲೆಂದು ಒಳ್ಳೆಯ ಮಾನಿಟರನ್ನು ಕೆಡಿಸುವುದು ಬೇಡ. ವ್ಯತ್ಯಾಸ ತೀರಾ ಸಣ್ಣದಿದ್ದರೆ ಮಾತ್ರ ಮಾನಿಟರ್‌ನ ಬಿಳುಪನ್ನು ತುಸು ಲ್ಯಾಪ್‌ಟಾಪ್ ಕಡೆ ತಂದರೆ ನಡೆಯುತ್ತದೆ.

ಬಣ್ಣದ ಗುಂಡಿಗಳನ್ನು ಏರಿಸಬೇಡಿ, ಇಳಿಸಿ. ಮೂರೂ 100ರಲ್ಲಿ ಇವೆ ಎಂದುಕೊಳ್ಳಿ. ಬಿಳಿ ನೀಲಿಗೆ ವಾಲಿದ್ದರೆ ನೀಲಿಯನ್ನು ಒಂದೊಂದೇ ಅಂಕಿ ಇಳಿಸಿ. ಹಸಿರು ಛಾಯೆ ಉಳಿದರೆ ಹಸಿರನ್ನು ಇಳಿಸಿ. ಕೊನೆಗೆ ಬ್ರೈಟ್‌ನೆಸ್ ಇನ್ನೊಮ್ಮೆ ಸರಿಮಾಡಿ, ಯಾಕೆಂದರೆ ಬಣ್ಣ ಇಳಿಸಿದರೆ ಬೆಳಕೂ ಇಳಿದಿರುತ್ತದೆ.

ದುಡ್ಡಿಲ್ಲದೆ ಮಾಡುವ ಕ್ಯಾಲಿಬ್ರೇಷನ್

ವಿಂಡೋಸ್‌ನ ಸ್ಟಾರ್ಟ್ ಸರ್ಚ್‌ನಲ್ಲಿ ‘ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್’ ಎಂದು ಇಂಗ್ಲಿಷ್‌ನಲ್ಲಿ ಹುಡುಕಿ. ತೆರೆದುಕೊಂಡ ವಿಂಡೋವನ್ನು ಯಾವ ಪರದೆ ತಿದ್ದಬೇಕೋ ಆ ಪರದೆಗೆ ಎಳೆಯಿರಿ. ಇದನ್ನು ಮರೆತು ಬಹಳ ಜನ ಲ್ಯಾಪ್‌ಟಾಪನ್ನೇ ಎರಡು ಸಲ ತಿದ್ದುತ್ತಾರೆ. ಗಾಮಾ, ಬ್ರೈಟ್‌ನೆಸ್, ಕಾಂಟ್ರಾಸ್ಟ್, ಬಣ್ಣದ ಸಮತೋಲ, ಈ ಕ್ರಮದಲ್ಲಿ ಅದು ಕೇಳುತ್ತ ಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನಡುವಿನ ಎರಡನ್ನು ಬಿಟ್ಟು ಮುಂದೆ ಹೋಗಬಹುದು. ಬಣ್ಣದ ಸಮತೋಲದ ಪುಟದಲ್ಲಿ ಬೂದು ಪಟ್ಟಿಗಳು ಬರೀ ಬೂದಾಗಿ ಕಾಣಬೇಕು. ಇಲ್ಲಿ ಪಕ್ಕದ ಮಾನಿಟರ್‌ನ ಬೂದು ನೋಡಿಕೊಂಡು ಲ್ಯಾಪ್‌ಟಾಪ್ ತಿದ್ದಿ. ಗುಂಡಿಯನ್ನು ಹೆಚ್ಚು ಎಳೆದಷ್ಟೂ ಆಕಾಶದಂಥ ನುಣುಪು ಜಾಗದಲ್ಲಿ ಪಟ್ಟೆಪಟ್ಟೆ ಬರುತ್ತದೆ, ಆದ್ದರಿಂದ ಸ್ವಲ್ಪಕ್ಕೇ ನಿಲ್ಲಿಸಿ. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ಡಿಸ್‌ಪ್ಲೇ ಕ್ಯಾಲಿಬ್ರೇಟರ್ ಇದೆ.

ಲ್ಯಾಪ್‌ಟಾಪ್‌ನಲ್ಲಿ ಟಿಎನ್ ಎಂಬ ಬಗೆಯ ಪ್ಯಾನಲ್ ಇದ್ದರೆ ಮುಚ್ಚಳ ಸ್ವಲ್ಪ ಓರೆಯಾದರೂ ಗಾಮಾ ಬದಲಾಗುತ್ತದೆ. ಎಷ್ಟು ತೆರೆದಿರಬೇಕು ಎನ್ನುವುದನ್ನು ಒಂದು ರಟ್ಟಿನ ತುಂಡು ಕತ್ತರಿಸಿ ಅಳತೆ ಮಾಡಿ ಇಟ್ಟುಕೊಳ್ಳಿ. ಐಪಿಎಸ್ ಎಂಬ ಬಗೆಯದ್ದಿದ್ದರೆ ಅಷ್ಟು ಚಿಂತೆ ಇಲ್ಲ.

ಬ್ರೌಸರ್‌ನಲ್ಲಿ ಲ್ಯಾಗಮ್ ಎಂಬ ಪರೀಕ್ಷಾ ಪುಟಗಳು ಸಿಗುತ್ತವೆ, ಉಚಿತ. ಗಾಮಾದ ಚಿತ್ರ ಅಲ್ಲಿ ಬಹಳ ಉಪಯುಕ್ತ. ಆದರೆ ವಿಂಡೋಸ್‌ನ ಸ್ಕೇಲಿಂಗ್ 125% ಇದ್ದರೆ ಸಣ್ಣ ಗೆರೆಗಳು ಕಲಸಿಹೋಗಿ ಉತ್ತರ ತಪ್ಪು ಬರುತ್ತದೆ. ಬ್ರೌಸರ್ ಝೂಮ್ 80% ಮಾಡಿ, ಆಗ ಒಂದಕ್ಕೊಂದು ಸರಿಹೋಗುತ್ತದೆ.

ಉಪಕರಣ ಇದ್ದರೆ

ಕಲರಿಮೀಟರ್ ಎಂದರೆ ಬಣ್ಣ ಅಳೆಯಲು ಪರದೆಯ ಮೇಲೆ ಇಳಿಬಿಡುವ ಒಂದು ಸಣ್ಣ ಡಬ್ಬಿ. ಡೇಟಾಕಲರ್‌ನ ಸ್ಪೈಡರ್, ಕ್ಯಾಲಿಬ್ರೈಟ್‌ನ ಡಿಸ್‌ಪ್ಲೇ ಸರಣಿ ಹೆಚ್ಚು ಬಳಕೆಯಲ್ಲಿವೆ. ವಾಟ್ಸಾಪ್‌ಗೆ ಮಾತ್ರ ಫೋಟೊ ಹಾಕುವವರಿಗೆ ಇದು ಬೇಕಿಲ್ಲ. ಆಲ್ಬಂ ಮತ್ತು ಪ್ರಿಂಟ್ ಕೆಲಸ ಮಾಡುವವರಿಗೆ ಬೇಕು. ತಿಂಗಳಿಗೆ ಒಂದೆರಡು ಸಲ ಬಳಸುವ ವಸ್ತು, ನಾಲ್ಕು ಸ್ಟುಡಿಯೋದವರು ಸೇರಿ ಒಂದು ಕೊಂಡರೂ ಸಾಕು. ಡಬ್ಬಿಯ ಜೊತೆಗೆ ಬರುವ ಸಾಫ್ಟ್‌ವೇರ್ ಹಿಡಿಸದಿದ್ದರೆ ಡಿಸ್‌ಪ್ಲೇಕ್ಯಾಲ್ ಇದೆ, ಅದು ಆರ್ಗಿಲ್ ಸಿಎಂಎಸ್ ಮೇಲೆ ನಿಂತ ಉಚಿತ ಸಾಫ್ಟ್‌ವೇರ್.

ಗುರಿಗಳು ಮೇಲೆ ಹೇಳಿದವೇ: ಡಿ65, ಗಾಮಾ 2.2, ಬೆಳಕು 100 ಅಥವಾ 120, ಎರಡೂ ಪರದೆಗೆ ಒಂದೇ. ಲ್ಯಾಪ್‌ಟಾಪ್ ಎಷ್ಟು ಬೆಳಕು ಕೊಡಬಲ್ಲದು ಎಂದು ಮೊದಲು ಅಳೆಯಿರಿ, ಆ ಮೇಲೆ ಮಾನಿಟರ್‌ಗೆ ಗುರಿ ಇಡಿ. ಅಳೆಯುವಾಗ ಬ್ಯಾಕ್‌ಲೈಟ್ ಬಗೆ ಯಾವುದು ಎಂದು ಸಾಫ್ಟ್‌ವೇರ್ ಕೇಳುತ್ತದೆ. ಸಾಮಾನ್ಯ ಪರದೆಗೆ ಬಿಳಿ ಎಲ್‌ಇಡಿ. ಹೆಚ್ಚು ಬಣ್ಣ ತೋರಿಸುವ ಪರದೆಗೆ ವೈಡ್ ಗ್ಯಾಮಟ್. ಇದು ತಪ್ಪಾದರೆ ಬಿಳುಪೇ ತಪ್ಪಾಗುತ್ತದೆ.

ಡಿ65ರ ಬಿಳುಪನ್ನು ಉಪಕರಣ 0.3127, 0.3290 ಎಂಬ ಎರಡು ಅಂಕಿಗಳಲ್ಲಿ ತೋರಿಸುತ್ತದೆ. ಧ್ವಜದ ಮಾನದಂಡದಲ್ಲಿ ಬಣ್ಣ ಹೇಳುವುದೂ ಇದೇ ಬಗೆಯ ಜೋಡಿ ಅಂಕಿಗಳಲ್ಲಿ. ಕೆಲವೊಮ್ಮೆ ಎರಡೂ ಪರದೆಗಳಲ್ಲಿ ಅಂಕಿ ಒಂದೇ ಬಂದರೂ ಕಣ್ಣಿಗೆ ಬೇರೆ ಕಾಣುತ್ತವೆ. ಬ್ಯಾಕ್‌ಲೈಟ್‌ಗಳ ಬಗೆ ಬೇರೆ ಇದ್ದಾಗ ಹೀಗಾಗುತ್ತದೆ. ಆಗ ಮಾನಿಟರ್‌ನ ಅಂಕಿಯನ್ನು ಹಿಡಿಯಿರಿ, ಲ್ಯಾಪ್‌ಟಾಪ್‌ನ ಬಿಳುಪನ್ನು ಕಣ್ಣಿನಿಂದ ಹೊಂದಿಸಿ.

ಪ್ರೊಫೈಲ್ ಕೂತಿದೆಯೇ ನೋಡಿ

ಈ ಎಲ್ಲ ಕೆಲಸದ ಫಲ ಒಂದು ಐಸಿಸಿ ಪ್ರೊಫೈಲ್ ಫೈಲ್. ಅದು ಪರದೆಯ ಜಾತಕ ಇದ್ದಂತೆ, ಈ ಪರದೆ ಯಾವ ಬಣ್ಣವನ್ನು ಹೇಗೆ ತೋರಿಸುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಫೋಟೊಶಾಪ್‌ನಂಥ ಸಾಫ್ಟ್‌ವೇರ್ ಅದನ್ನು ಓದಿ ಬಣ್ಣ ತಿದ್ದಿ ಕಳಿಸುತ್ತದೆ. ವಿಂಡೋಸ್‌ನ ಕಲರ್ ಮ್ಯಾನೇಜ್‌ಮೆಂಟ್ ತೆರೆಯಿರಿ. ‘ಐಡೆಂಟಿಫೈ ಮಾನಿಟರ್ಸ್’ ಒತ್ತಿ ಯಾವುದು 1, ಯಾವುದು 2 ಎಂದು ತಿಳಿಯಿರಿ. ಎರಡಕ್ಕೂ ‘ಯೂಸ್ ಮೈ ಸೆಟ್ಟಿಂಗ್ಸ್ ಫಾರ್ ದಿಸ್ ಡಿವೈಸ್’ ಟಿಕ್ ಮಾಡಿ, ಅದರದರ ಪ್ರೊಫೈಲನ್ನು ಡಿಫಾಲ್ಟ್ ಮಾಡಿ. ಒಂದರದ್ದು ಇನ್ನೊಂದಕ್ಕೆ ಕೂತಿದ್ದರೆ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ.

ಪ್ರೊಫೈಲ್ ಇಲ್ಲದ ಬಣ್ಣವನ್ನು ಸೃಷ್ಟಿಸುವುದಿಲ್ಲ. ಲ್ಯಾಪ್‌ಟಾಪ್‌ನ ವಿವರಗಳಲ್ಲಿ 45% ಎನ್‌ಟಿಎಸ್‌ಸಿ (ಬಣ್ಣದ ವ್ಯಾಪ್ತಿಯ ಹಳೆಯ ಟಿವಿ ಅಳತೆ) ಎಂದು ಬರೆದಿದ್ದರೆ ಅದು ಎಸ್‌ಆರ್‌ಜಿಬಿಯ ಮೂರನೇ ಎರಡರಷ್ಟನ್ನೂ ತೋರಿಸುವುದಿಲ್ಲ. 72% ಎಂದಿದ್ದರೆ ಹೆಚ್ಚುಕಡಿಮೆ ಪೂರ್ತಿ. ಬ್ಯಾಡಗಿ ಕೆಂಪು ಇಟ್ಟಿಗೆಯಾಗುವುದು ಮೊದಲನೆಯ ಬಗೆಯ ಪ್ಯಾನಲ್‌ನಲ್ಲಿ. ಅದನ್ನು ನೋಡಿ ಯಾರಾದರೂ ಕೆಂಪು ಏರಿಸಿದರೆ ಬೇರೆಲ್ಲರ ಪರದೆಯಲ್ಲಿ ಕಾಯಿಯ ಸುಕ್ಕುಗಳೇ ಮಾಯವಾಗುತ್ತವೆ, ಯಾಕೆಂದರೆ ಕೆಂಪು ಚಾನಲ್ 255ಕ್ಕೆ ಹೋಗಿ ಗೋಡೆಗೆ ಬಡಿದಿರುತ್ತದೆ. ಬ್ಯಾಡಗಿ ಕಾಯಿಯ ಗುರುತೇ ಆ ಸುಕ್ಕು.

ನಮ್ಮದೇ ಪರೀಕ್ಷೆಯ ಫೋಟೊಗಳು

ಯಾವುದೋ ದೇಶದ ಹಣ್ಣಿನ ಬುಟ್ಟಿಯ ಫೋಟೊಗಿಂತ ನಿಮ್ಮ ಕಣ್ಣು ದಿನಾ ನೋಡುವ ವಸ್ತುಗಳು ಉತ್ತಮ. ಹಗಲಿನ ನೆರಳಿನಲ್ಲಿ, ಬೂದು ಕಾರ್ಡ್ ಇಟ್ಟು ಬಿಳುಪು ಸರಿಮಾಡಿ, ನಾಲ್ಕು ಫೋಟೊ ತೆಗೆದಿಟ್ಟುಕೊಳ್ಳಿ. ಕೆಂಪಿಗೆ ಬ್ಯಾಡಗಿಯ ‘ಡಬ್ಬಿ’ ತಳಿಯ ಕಾಯಿ. ಕಪ್ಪಿಗೆ ಚಂದ್ರಕಾಳಿ. ಧಾರವಾಡ ಪೇಡೆ, ಅದರ ಮೇಲಿನ ಸಕ್ಕರೆ ಪುಡಿಯ ಬಿಳುಪು ನೀಲಿಗೋ ಗುಲಾಬಿಗೋ ವಾಲಿದರೆ ತಕ್ಷಣ ಗೊತ್ತಾಗುತ್ತದೆ. ನಾಲ್ಕನೆಯದು ಅರಿಷಿಣ ಹಚ್ಚಿದ ಮದುಮಗಳ ಮುಖ. ಚರ್ಮದ ಮೇಲಿನ ಹಳದಿ ಹಸಿರಿಗೆ ತಿರುಗಿದರೆ ಹಸಿರು ಜಾಸ್ತಿಯಾಗಿದೆ ಎಂದೇ ಅರ್ಥ. ವಸ್ತುಗಳನ್ನು ಪರದೆಯ ಪಕ್ಕದಲ್ಲೇ ಇಟ್ಟು ನೋಡಬಹುದು ಎನ್ನುವುದು ಇನ್ನೊಂದು ಅನುಕೂಲ.

ಆಮೇಲೆ ಆ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಜೋಡಿಸಿ ನಿಮ್ಮ ಲ್ಯಾಬ್‌ನಲ್ಲಿ ಪ್ರಿಂಟ್ ಹಾಕಿಸಿ. ಕೊಡುವಾಗ ಎರಡು ಮಾತು ಹೇಳಿ: ಫೈಲ್ ಎಸ್‌ಆರ್‌ಜಿಬಿಯಲ್ಲಿದೆ, ನಿಮ್ಮ ಕಡೆಯಿಂದ ಯಾವ ಕರೆಕ್ಷನ್ನೂ ಬೇಡ. ಬಂದ ಪ್ರಿಂಟನ್ನು 5000 ಕೆಲ್ವಿನ್ ಹತ್ತಿರದ ಬೆಳಕಿನಲ್ಲಿ ಅಥವಾ ಹಗಲು ಬೆಳಕಿನಲ್ಲಿ ಪರದೆಯ ಜೊತೆ ಹೋಲಿಸಿ. ಒಟ್ಟಾರೆ ಕಪ್ಪಾಗಿದ್ದರೆ ಪರದೆಯ ಬೆಳಕು ಇನ್ನೂ ಇಳಿಸಿ. ಒಂದೇ ಬಣ್ಣ ಕೆಟ್ಟಿದ್ದರೆ ಲ್ಯಾಬ್‌ನ ಪ್ರೊಫೈಲ್ ಕೇಳಿ ತಂದು ಫೋಟೊಶಾಪ್‌ನ ಪ್ರೂಫ್ ಸೆಟಪ್‌ನಲ್ಲಿ ಹಾಕಿ ನೋಡಿ. ಗದಗಿನ ಪ್ರೆಸ್ಸಿಗೆ ಸಿಎಂವೈಕೆ, ಅಂದರೆ ನಾಲ್ಕು ಶಾಯಿಗಳ ಲೆಕ್ಕದ ಫೈಲ್ ಕೊಡುವವರು ಇದನ್ನು ಬಿಡಲೇಬಾರದು. ಪರದೆಯ ಕೆಲವು ಕೆಂಪು, ಹಸಿರು, ನೀಲಿ ಬಣ್ಣಗಳು ಆ ನಾಲ್ಕು ಶಾಯಿಗಳಲ್ಲಿ ಹುಟ್ಟುವುದೇ ಇಲ್ಲ. ಮೊದಲೇ ಕಂಡರೆ ಗಿರಾಕಿಗೆ ಮೊದಲೇ ಹೇಳಬಹುದು.

ಸೀರೆ ಮಾರುವವರು ಕೊನೆಗೆ ಎರಡು ಬೇರೆ ಕಂಪನಿಯ ಫೋನ್‌ಗಳಲ್ಲಿ ನೋಡಿ ಹಾಕಿ. ಬಹಳ ಫೋನ್‌ಗಳು ವಿವಿಡ್ ಮೋಡ್‌ನಲ್ಲೇ ಬರುತ್ತವೆ, ನ್ಯಾಚುರಲ್‌ಗೆ ಬದಲಿಸಿ ಒಮ್ಮೆ ನೋಡಿ. ಎಕ್ಸ್‌ಪೋರ್ಟ್ ಮಾಡುವಾಗ ಎಸ್‌ಆರ್‌ಜಿಬಿ ಪ್ರೊಫೈಲ್ ಫೈಲ್‌ನೊಳಗೆ ಸೇರಿಸುವ ಟಿಕ್ ಮರೆಯಬೇಡಿ.

ತಿಂಗಳಿಗೊಮ್ಮೆ ಬಿಳುಪು ಮತ್ತು ಬೆಳಕು ಮತ್ತೆ ನೋಡಿ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ ದಿನ ಫುಲ್ ರೇಂಜ್ ಮತ್ತು ಪ್ರೊಫೈಲ್ ಎರಡನ್ನೂ ಪರೀಕ್ಷಿಸಿ, ಹಳೆಯ ಸ್ಥಿತಿಗೆ ಹೋಗಿರುವುದುಂಟು. ಪರೀಕ್ಷೆಯ ಪ್ರಿಂಟನ್ನು ಲಕೋಟೆಯಲ್ಲಿ ಹಾಕಿ ಕಪಾಟಿನಲ್ಲಿಡಿ, ಬಿಸಿಲಿಗೆ ಬಣ್ಣ ಇಳಿಯುತ್ತದೆ. ಮಾನಿಟರ್‌ನ ಬ್ರೈಟ್‌ನೆಸ್ ಮತ್ತು ಮೂರು ಬಣ್ಣಗಳ ಅಂಕಿಗಳನ್ನು ಆ ಪ್ರಿಂಟಿನ ಬೆನ್ನಿಗೇ ತಾರೀಕು ಸಮೇತ ಬರೆದಿಡಿ. ಯಾರೋ ಮೆನು ಒತ್ತಿ ಬದಲಿಸಿದರೂ ಐದು ನಿಮಿಷದಲ್ಲಿ ಮೊದಲಿನಂತೆ ಮಾಡಬಹುದು.